ನನ್ನದಲ್ಲದ ಕೆರೆ

ಒಬ್ಬಳ ಒಂದೇ ರಾತ್ರಿಯ ಕನಸನ್ನು ಇಬ್ಬರು ತಂದದ್ದು ನಮ್ಮೂರಿನಲ್ಲಿ ಅದೇ ಮೊದಲು. ತಂದದ್ದು ನನ್ನ ಮನೆಗೆ, ಕನಸು ನನ್ನದು. ಆ ಬೆಳಿಗ್ಗೆ ಪಡಸಾಲೆಯಲ್ಲಿ ಕೂತಿದ್ದ ತುಂಗಕ್ಕ, "ಕೆರಿ ತುಂಬ ತಾವರಿ ಅರಳಿದ್ವು ಬಂಗಾರೀ" ಎಂದು ಹೇಳುತ್ತಿರುವಾಗಲೇ ಒಳಮನೆಯ ಬಾಗಿಲಿಗೆ ನನ್ನ ಸವತಿ ಕಸ್ತೂರಿ ಬಂದು ನಿಂತಳು. ಮುಖ ತೊಳೆದಿರಲಿಲ್ಲ, ಕೂದಲು ಕಟ್ಟಿರಲಿಲ್ಲ. ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಅಕ್ಕಾರ, ರಾತ್ರಿ ನಿಮ್ಮ ಕನಸು ನನಗ ಬಿತ್ತು" ಎಂದಳು.

ನಮ್ಮೂರಿನಲ್ಲಿ ಯಾರ ಕನಸೂ ಅವರವರ ನಿದ್ದೆಯಲ್ಲಿ ಬೀಳುವುದಿಲ್ಲ, ಇನ್ನೊಬ್ಬರ ನಿದ್ದೆಯಲ್ಲಿ ಬೀಳುತ್ತದೆ. ಬಿದ್ದವರು ಬಾಯಿಗೆ ಒಂದು ತುತ್ತು ಹಾಕಿಕೊಳ್ಳುವ ಮೊದಲು ಅದನ್ನು ಒಯ್ದು ಯಾರದೋ ಅವರಿಗೆ ಮುಟ್ಟಿಸಬೇಕು. ಯಾರದೆಂದು ತಿಳಿಯುವುದು ಕೈಯಿಂದ. ಕನಸಿನಲ್ಲಿ ಬಗ್ಗಿ ನಿಮ್ಮ ಕೈ ನೋಡಿಕೊಂಡರೆ ಅದು ಅವರ ಕೈಯಾಗಿರುತ್ತದೆ. ಕೂಡಿಸಬಾರದು, ಬಿಡಬಾರದು, ಅರ್ಥ ಹೇಳಬಾರದು. ಕೇಳಿಸಿಕೊಂಡವರು ತಂದವರಿಗೆ ಬೆಲ್ಲ, ನೀರು ಕೊಡುತ್ತಾರೆ. ನಸುಕಿನಲ್ಲಿ ನಮ್ಮ ಓಣಿಗಳಲ್ಲಿ ಬಾಯಿ ಬಿಗಿಹಿಡಿದು ಬಿರಬಿರನೆ ಹೋಗುವವರನ್ನು ಯಾರೂ ಮಾತಾಡಿಸುವುದಿಲ್ಲ, ಕನಸು ಚೆಲ್ಲೀತು ಎಂದು. ಜಗಳವಾಡಿದವರಾದರೆ ಅಂಗಳದಲ್ಲೇ ನಿಂತು, ಮುಖ ಆ ಕಡೆ ತಿರುಗಿಸಿ, ಹೇಳಿ ಹೋಗುತ್ತಾರೆ. ನನಗೆ ಬೀಳುವುದು ಸಿಂಪಿಗೇರ ಮಾನಪ್ಪನ ಕನಸು. ಅದರಲ್ಲಿ ಅವನು ಯಾವಾಗಲೂ ಒಂದು ಕಾಲಿನ ಚಪ್ಪಲಿ ಹುಡುಕುತ್ತಿರುತ್ತಾನೆ. ನಾನು ಹೋದ ಕೂಡಲೇ, "ಇವತ್ತರ ಸಿಕ್ಕಿತೇನ್ರಿ ಅಕ್ಕಾರ?" ಎಂದು ಕೇಳುತ್ತಾನೆ.

ಕನಸು ಹೊರುವವರು ಸತ್ತರೆ ಮಾತ್ರ ಅದು ಇನ್ನೊಬ್ಬರಿಗೆ ಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ನನ್ನ ಕನಸು ಹೊರುತ್ತಿದ್ದವಳು ಪಕ್ಕದ ಮನೆಯ ತುಂಗಕ್ಕ. ಅವಳು ಬದುಕಿ ನನ್ನೆದುರು ಕೂತಿದ್ದಳು.

ನಾನು ಈ ಮನೆಗೆ ಸೊಸೆಯಾಗಿ ಬಂದ ಮರುದಿನದಿಂದ ತುಂಗಕ್ಕ ನನ್ನ ಹೊಸ್ತಿಲು ತಪ್ಪಿಸಿದವಳಲ್ಲ. ಅವಳು ತರುತ್ತಿದ್ದ ಕನಸುಗಳೋ, ಊರೇ ಬಾಯಿ ಚಪ್ಪರಿಸುವಂಥವು. ತಾವರೆಯ ಕೆರೆ, ಅದರ ಮೆಟ್ಟಿಲ ಮೇಲೆ ದೀಪ, ನೀರು ಕುಡಿಯಲು ಬರುವ ಬಿಳಿಯ ಆಕಳು, ಆಕಳಿನ ಕೊರಳಗಂಟೆಯ ಸಪ್ಪಳ. ಇಂಥ ಕನಸು ಕಾಣುವ ಜೀವ ಎಂಥದ್ದಿರಬೇಕು ಎಂದು ಜನ ನನ್ನನ್ನು ತಂಪವ್ವ ಎಂದು ಕರೆಯತೊಡಗಿದರು. ಮದುವೆ ಗೊತ್ತಾದ ಹುಡುಗಿಯರನ್ನು ಬೆಳಗಿನ ಹೊತ್ತು ತಂದು ನನ್ನ ಪಕ್ಕ ಕೂರಿಸಿ ಕೆರೆಯ ಕನಸು ಕೇಳಿಸುವುದು ರೂಢಿಯಾಯಿತು. ಅಣ್ಣತಮ್ಮಂದಿರ ಜಗಳ ನನ್ನ ಕಟ್ಟೆಗೆ ಬಂದು ತಣಿಯುತ್ತಿತ್ತು. ನನ್ನ ಗಂಡ ಗಿರಿಮಲ್ಲಪ್ಪನವರು ಕಾಳಿನ ವ್ಯಾಪಾರಿ. ತಂಪವ್ವನ ಮನೆಯ ತಕ್ಕಡಿ ಸುಳ್ಳಾಡದು ಎಂದು ಸುತ್ತಲಿನವರು ಅವರ ಅಂಗಡಿಗೇ ಬರುತ್ತಿದ್ದರು.

ನನಗೆ ಮಕ್ಕಳಾಗಲಿಲ್ಲ. ಎರಡನೆಯ ಮದುವೆಯ ಮಾತು ಬಂದಾಗ ಹಿರಿಯರೊಬ್ಬರು ನನ್ನ ಕಡೆ ನೋಡಿ, "ಆಕಿನ್ನ ಒಂದ ಮಾತು ಕೇಳೂದು ಬ್ಯಾಡೇನು?" ಎಂದರು. ನನ್ನ ಗಂಡ ನಕ್ಕು, "ಇಂಥಾ ಕನಸು ಕಾಣೋ ಹೆಣಮಗಳು ಬ್ಯಾಡ ಅಂತಾಳೇನ್ರಿ?" ಎಂದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಕಸ್ತೂರಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡವಳು ನಾನೇ. ಅವಳ ಎರಡು ಮಕ್ಕಳನ್ನು ಎತ್ತಿ ಆಡಿಸಿದವಳೂ ನಾನೇ. ಆರತಿಯ ಹೊತ್ತಿಗೆ ಪಕ್ಕೆಲುಬಿನ ಕೆಳಗೆ ಏನೋ ಬಿಸಿಯಾಗಿ ಹೊರಳಿತು. ಪಿತ್ತವಿರಬೇಕು ಎಂದು ಮಜ್ಜಿಗೆ ಕುಡಿದೆ. ಮುಂದೆಯೂ ಅದು ಹೊರಳಿದಾಗಲೆಲ್ಲ, ಇದು ನನ್ನದಲ್ಲ, ಕನಸು ದಾರಿ ತಪ್ಪುವ ಊರಿದು, ಯಾರದೋ ಉರಿ ದಾರಿ ತಪ್ಪಿ ನನ್ನೊಳಗೆ ಬಂದಿದೆ ಎಂದುಕೊಳ್ಳುತ್ತಿದ್ದೆ. ಅಂಥ ಕೆರೆ ಇರುವವಳಲ್ಲಿ ಇಂಥದ್ದು ಹೇಗಿರಲು ಸಾಧ್ಯ?

ಆ ಬೆಳಿಗ್ಗೆಯೂ ಒಬ್ಬ ಮದುಮಗಳು ತಾಯಿಯ ಜೊತೆ ಬಂದು ನನ್ನ ಪಕ್ಕ ಕೂತಿದ್ದಳು. ಕಸ್ತೂರಿ ಅವರನ್ನು ನೋಡಿ ಹಿಂಜರಿದಳು.

"ಇವರ ಮುಂದ ಬ್ಯಾಡ್ರಿ ಅಕ್ಕಾರ. ಒಳಗ ಬರ್ರಿ."

"ಇರಲಿ, ಹೇಳವಾ" ಎಂದೆ. ಕೆರೆಯನ್ನು ಇಬ್ಬರು ಕಂಡರೆ ಇನ್ನೂ ಒಳ್ಳೆಯದೇ ಎಂದು ನನಗನ್ನಿಸಿತ್ತು. ನನ್ನ ಪೆದ್ದುತನ ಆ ಮಟ್ಟದ್ದು.

ಕಸ್ತೂರಿ ನಿಂತಲ್ಲಿಂದಲೇ ಹೇಳತೊಡಗಿದಳು. "ನಮ್ಮ ಅಂಗಳ ಇತ್ರಿ. ಹಗೇವಿನ ಬಾಯಿ ತಗದಿತ್ತು." ಹಗೇವು ಎಂದರೆ ಅಂಗಳದ ನೆಲದೊಳಗೆ ನಾವು ಜೋಳ ತುಂಬಿಡುವ ಆಳದ ಗುಂಡಿ, ಮೇಲೆ ಕಲ್ಲು ಮುಚ್ಚಿರುತ್ತೇವೆ. "ಒಳಗ ಒಬ್ಬಾಕಿ, ಕುತಗಿ ತನಕ ಜ್ವಾಳದಾಗ ಹುಗದಿದ್ಲು. ಮ್ಯಾಲ ಬರಾಕ ಹೆಣಗತಿದ್ಲು. ನಾ ಕೈ ನೋಡಿಕೊಂಡೆ. ಚೇಳಿನ ಹಚ್ಚಿ ಇತ್ತು, ನಿಮ್ಮ ಕೈ. ಆ ಕೈ ಆಕಿ ಕೂದಲಾ ಹಿಡಕೊಂಡು ಕೆಳಗ ಒತ್ತಿದ್ವು. ಬಾಯಾಗ ಜ್ವಾಳ ಹೋಗೂ ತನಕ ಒತ್ತಿದ್ವು. ಆಮ್ಯಾಲ ಕಲ್ಲು ಮುಚ್ಚಿ, ಅದರ ಮ್ಯಾಲ ಕುಂತು, ನೀವು ತಲಿ ಹಿಕ್ಕೊಂಡ್ರಿ."

"ತಲಿ ಹಿಕ್ಕೊಂಡ್ನೇನು?" ಎಂದೆ. ಕೇಳಬೇಕಾದ ಅಷ್ಟೆಲ್ಲದರಲ್ಲಿ ನನ್ನ ಬಾಯಿಗೆ ಬಂದದ್ದು ತಲೆ ಬಾಚಿಕೊಂಡ ಆ ಮಾತೊಂದೇ.

"ಹೂಂ. ಹೂವಾನೂ ಮುಡಕೊಂಡ್ರಿ."

"ಒಳಗಿದ್ದಾಕಿ ಯಾರು?" ಎಂದು ಕೇಳಿದವಳು ಮದುಮಗಳ ತಾಯಿ.

ಕಸ್ತೂರಿ ನನ್ನ ಕಡೆ ನೋಡಿದಳು. ಆದರೆ ಬಿಡುವಂತಿಲ್ಲವಲ್ಲ, ಅದು ನಮ್ಮೂರ ಕಟ್ಟಳೆ. ಚೌಕಟ್ಟಿಗೆ ಹಣೆ ಒತ್ತಿ ಹೇಳಿದಳು: "ನಾನ ಇದ್ದೆ."

ನನ್ನ ಹಲ್ಲುಗಳು ಜೋಮು ಹಿಡಿದಂತಾದವು. ನಾಲಿಗೆ ಯಾರದೋ ಬಾಯಲ್ಲಿದ್ದ ಹಾಗೆ. ಮದುಮಗಳ ತಾಯಿ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಹುಡುಗಿ ನನ್ನ ಕೈಯನ್ನೇ, ಮಣಿಕಟ್ಟಿನ ಹಚ್ಚೆಯ ಹಸಿರು ಚೇಳನ್ನೇ ನೋಡುತ್ತ ಹಿಂದೆ ಹಿಂದೆ ಸರಿದಳು. ತುಂಗಕ್ಕ ಎದ್ದು ನಿಂತು, "ಸುಳ್ಳು! ಹೊಟ್ಟಿಕಿಚ್ಚಿಗೆ ಬೊಗಳತಾಳ ಇಕಿ!" ಎಂದು ಕೂಗಿದಳು. ಅವಳು ಕೂಗಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

"ಸುಳ್ಳು ಹೇಳಾಕ ನನಗೇನು ಬ್ಯಾನಿ?" ಎಂದಳು ಕಸ್ತೂರಿ. "ನಿಮ್ಮ ಕೈಯೊಳಗ ನಾನ ಇದ್ದು, ನಾನ ನನ್ನ ಕೊಂದೀನ್ರಿ ಅಕ್ಕಾರ. ಇನ್ನೂ ಗಂಟಲದಾಗ ಜ್ವಾಳ ಇದ್ದಾಂಗ ಆಗತೈತಿ."

ಬೇವಿನಕಡ್ಡಿ ಜಗಿಯುತ್ತ ಹೊರಗೆ ಬಂದ ನನ್ನ ಗಂಡ, "ಸಣ್ಣಾಕಿಗೆ ಜ್ವರಾ ಬಂದಾವ್ರಿ, ಏನರ ಅಂತಾಳ" ಎಂದು ಬಂದವರ ಬೆನ್ನು ಹತ್ತಿದರು. ತುಂಗಕ್ಕ ಯಾವಾಗ ಹೋದಳೋ ತಿಳಿಯಲಿಲ್ಲ. ಅವಳಿಗೆಂದು ಇಟ್ಟಿದ್ದ ಬೆಲ್ಲ, ನೀರು ಅಲ್ಲಿಯೇ ಇದ್ದವು. ಇಷ್ಟು ವರ್ಷಗಳಲ್ಲಿ ಅವಳು ಬೆಲ್ಲ ಬಿಟ್ಟು ಎದ್ದುಹೋದದ್ದಿಲ್ಲ. ಆ ತುಂಡಿಗೆ ಇರುವೆ ಹತ್ತುವುದನ್ನು ನೋಡುತ್ತ ಕೂತಾಗ ನನಗೆ ಹೊಳೆಯಿತು, ಸುಳ್ಳು ಹೇಳಿದವಳು ಕಸ್ತೂರಿಯಲ್ಲ.

ಮಧ್ಯಾಹ್ನ ತುಂಗಕ್ಕನ ಮನೆಗೆ ಹೋದೆ. ಒಂದೇ ಕೋಣೆಯ ಮನೆ. ಚಿಕ್ಕಂದಿನಲ್ಲೇ ಗಂಡ ತೀರಿಕೊಂಡು, ಗುಡಿಗೆ, ಮನೆಮನೆಗೆ ಹೂಬತ್ತಿ ಹೊಸೆದು ಕೊಟ್ಟು ಬದುಕಿದವಳು ಅವಳು. ಬೂದಿ ಹತ್ತಿದ ಬೆರಳುಗಳಿಂದ ಹತ್ತಿ ಎಳೆಯುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು.

"ರಾತ್ರಿ ನಿದ್ದಿ ಬಂದಿತ್ತೇನು ತುಂಗಕ್ಕ?"

"ಎಲ್ಲಿ ನಿದ್ದಿ ಯವ್ವಾ. ದಸರಿ ಮುಂದಿಂದ ರೆಪ್ಪಿಗೆ ರೆಪ್ಪಿ ಹತ್ತವಲ್ದು. ಯಾವ ಮದ್ದೂ ಹತ್ತವಲ್ದು. ನಿದ್ದಿ ಇಲ್ಲದಾಕಿ ಹತ್ತರ ನಿನ್ನ ಕನಸು ಎಷ್ಟ ದಿನ ಕಾದೀತು? ಕಡೀಕ ಆಕಿ ಕಡೆ ಹೋತು."

"ನಿದ್ದಿನ ಇಲ್ಲಂದ್ರ ದಿನಾ ಬಂದು ಹೇಳತಿದ್ದ ಕೆರಿ ಎಲ್ಲಿಂದ ಬಂತು?"

ಅವಳು ಹತ್ತಿಯ ಉಂಡೆಯನ್ನು ಕಿವುಚತೊಡಗಿದಳು.

"ಅದಕ್ಕೂ ಮುಂಚಿಂದು? ನಿದ್ದಿ ಇದ್ದಾಗಿಂದು?" ಎಂದೆ.

"ನೀ ಬಂದ ಮರುದಿನ," ಎಂದಳು ತುಂಗಕ್ಕ, ನೆಲ ನೋಡುತ್ತ. "ಕೈತುಂಬ ಹಸರ ಬಳಿ, ಮೈಮ್ಯಾಗಿನ ಅರಿಷಿಣ ಇನ್ನೂ ಹೋಗಿದ್ದಿಲ್ಲ. ಹೇಳಾಕ ಅಂತನ ಬಂದಿದ್ದೆ. ನಿನ್ನ ಮಾರಿ ನೋಡಿ ಆಗಲಿಲ್ಲ. ಹಗೇವು ಅನ್ನೋದರಾಗ ಕೆರಿ ಅಂದೆ. ನೀ ನಕ್ಕಿ. ಆ ನಗಿ ನೋಡಿದ ಮ್ಯಾಲ ಮರುದಿನ ಹೆಂಗ ತಿದ್ದಲಿ? ಅದರ ಮರುದಿನ ಹೆಂಗ ತಿದ್ದಲಿ?"

"ಆವಾಗ ಕಸ್ತೂರಿ ಇನ್ನೂ ಹುಟ್ಟಿದ್ಲೋ ಇಲ್ಲೋ. ಹಗೇವಿನಾಗ ಯಾರಿದ್ರು?"

"ನೀನ."

"ಮತ್ತ ಒತ್ತತಿದ್ದ ಕೈ?"

"ಅವೂ ನಿನ್ನವ. ನಿನ್ನ ಕೈ ನಿನ್ನ ತಲಿ ಒತ್ತತಿದ್ವು. ಕಸ್ತೂರಿ ಬಂದ ಮ್ಯಾಲ ಒಮ್ಮೊಮ್ಮೆ ಆಕಿ ಮಾರಿ ಬರತಿತ್ತು. ನಿಮ್ಮತ್ತಿದೂ ಒಮ್ಮೆ ಬಂದಿತ್ತು. ಹೆಚ್ಚಿನ ರಾತ್ರಿ ನೀನ."

ನನ್ನ ಗಂಡನ ಬಗ್ಗೆ ಕೇಳಲು ಹೆದರಿಕೆ. ಆದರೂ ಕೇಳಿದೆ. "ಅವರದು? ಅವರ ಮಾರಿ ಎಂದಾರ ಬಂತೇನು?"

ತುಂಗಕ್ಕ ಮೊದಲ ಸಲ ತಲೆ ಎತ್ತಿದಳು. "ಒಂದ ದಿನಾನೂ ಇಲ್ಲ. ಅವರು ಮ್ಯಾಲ, ಕಟ್ಟಿಮ್ಯಾಲ ಕುಂತು ಊಟಾ ಮಾಡತಿರತಾರ. ನೀ ಒತ್ತೂದು ಬಿಟ್ಟು ನಡುನಡುವ ಎದ್ದು ಹೋಗಿ ಬಡಿಸಿ ಬರತೀ."

ನಾನು ನನ್ನ ಕೈಗಳನ್ನು ಮಗುಚಿ ನೋಡಿದೆ. ನಾನು ಕಾಣದ ಕನಸಿನ ಅಂಗಳದಲ್ಲಿ, ನನ್ನದೇ ಕೈಗಳು ರಾತ್ರಿಯೆಲ್ಲ ಆ ಕೆಲಸ ಮಾಡಿ, ಸೆರಗಿಗೆ ಒರೆಸಿಕೊಂಡು, ಅನ್ನ ಬಡಿಸಿ ಬಂದಿದ್ದವು. ಬೆಳಗಾದರೆ ಅದೇ ಕೈಗಳಿಂದ ನಾನು ಮದುಮಕ್ಕಳ ತಲೆ ಮುಟ್ಟಿ ಹರಸಿದ್ದೆ.

ಆಮೇಲೆ ಕಾಲು ತಾನಾಗಿ ಎದ್ದಿತು. ಬತ್ತಿಯ ಬುಟ್ಟಿಯನ್ನು ಒದ್ದೆ. ಹತ್ತಿ ಕೋಣೆಯ ತುಂಬ ಹಾರಿತು. "ನಂದಿತ್ತದು! ಎಂಥಾದರ ಇರಲಿ, ನಂದಿತ್ತು. ನನ್ನ ಹಗೇವು ನನಗ ಕೊಡಬೇಕಿತ್ತು ನೀನು. ಗೊತ್ತಿದ್ರ ನಾ ಆವತ್ತು ತಲಿ ಆಡಸತಿದ್ನೇನು?"

ತುಂಗಕ್ಕ ಕದಲಲಿಲ್ಲ. ಅವಳ ಬಿಳಿಯ ಕೂದಲಿಗೆ ಹತ್ತಿಯ ಎಳೆ ಅಂಟಿತ್ತು.

"ಹಂಗಾದ್ರ ಆ ಕೆರಿ ಯಾರದು?" ಎಂದು ಕಿರುಚಿದೆ.

"ನಂದು" ಎಂದಳು, ಕಳ್ಳಿ ಸಿಕ್ಕಿಬಿದ್ದ ಹಾಗೆ. "ನನ್ನ ಕನಸು ಯಾರಿಗೆ ಬೀಳತಾವೋ ಬಂಗಾರೀ, ಈ ಹೊಸ್ತಿಲಕ್ಕ ತಂದವರ ಇಲ್ಲ. ಸಣ್ಣಾಕಿದ್ದಾಗಿಂದ ದಿನಾ ಬಾಗಲಾ ತಗದು ಕೂಡತಿದ್ದೆ. ಕಡೀಕ ಬಿಟ್ಟೆ. ನಿನ್ನ ಮುಂದ ಬಾಯಿಗೆ ಬಂದದ್ದು ಹೇಳಾಕ ಹತ್ತಿದ ಮ್ಯಾಲ, ಇದ ನಂದು ಇರಬೇಕು ಅನಸ್ತು. ನಿನ್ನ ಹಗೇವು ಕಂಡು ನಡಗತಿದ್ದೆ. ನಸುಕಿನ್ಯಾಗ ಎದ್ದು ಕೂತು ಕೆರಿ ಕಟ್ಟತಿದ್ದೆ. ಅದೊಂದು ಇತ್ತಂತ ಜೀವಾ ಹಿಡದೀನಿ."

ಚೆಲ್ಲಿದ ಹತ್ತಿಯನ್ನು ತುಳಿದುಕೊಂಡೇ ಹೊರಗೆ ಬಂದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಓಣಿಯ ಕೊನೆಗಿರುವ ದೇವಿಯ ಗುಡಿಗೆ ಹೋದೆ. ಪೂಜಾರಿ ಊಟಕ್ಕೆ ಹೋಗಿದ್ದ. ನಮ್ಮೂರ ದೇವಿಗೆ ಎರಡು ಮುಖ. ಮುಂದಿನದು ನಗುಮುಖ. ಬೆನ್ನಿನ ಕಡೆಯದು ಗೋಡೆಗೆ ತಿರುಗಿದೆ, ಅದನ್ನು ಯಾರೂ ನೋಡಿಲ್ಲ. ಮುದುಕಿಯರು ಕಥೆ ಹೇಳುವಾಗ ದೇವಿ ರಾಕ್ಷಸನ ಕರುಳು ಬಗೆದದ್ದನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ಆಮೇಲೆ ಅವಳು ಶಾಂತಳಾಗಿ ನಕ್ಕದ್ದನ್ನು ಮಾತ್ರ ಸಂಜೆಯ ತನಕ ಹಾಡುತ್ತಾರೆ. ಗೋಡೆಗೂ ವಿಗ್ರಹಕ್ಕೂ ನಡುವೆ ಒಂದು ಕೈ ತೂರುವಷ್ಟು ಸಂದಿ ಇತ್ತು. ನಾನು ಕೈ ಹಾಕಿದೆ. ಹಣೆ ಸಿಕ್ಕಿತು, ಉಬ್ಬಿದ ಕಣ್ಣುಗುಡ್ಡೆ ಸಿಕ್ಕಿತು, ತೆರೆದ ಬಾಯಿ, ಹಲ್ಲು. ಕೈ ಹಿಂದೆಗೆದು ನೋಡಿದರೆ ಬೆರಳಿಗೆಲ್ಲ ಎಣ್ಣೆ. ಹಳೆಯ ಜಿಗುಟಲ್ಲ, ಅಂದಿನ ಹಸಿ ಎಣ್ಣೆ. ಜೊತೆಗೆ ಒಂದು ಬಾಡದ ಚೆಂಡುಹೂವು. ನನಗಿಂತ ಮೊದಲು, ಅದೇ ದಿನ, ಯಾರೋ ಬಂದು ಆ ಮುಖಕ್ಕೆ ಎಣ್ಣೆ ಹಚ್ಚಿ ಹೂವು ಇಟ್ಟು ಹೋಗಿದ್ದರು. ಯಾರು? ನಾನು ಹರಸಿ ಕಳಿಸಿದ ಹುಡುಗಿಯರಲ್ಲಿ ಎಷ್ಟು ಜನ ಇಲ್ಲಿಗೆ ಬಂದು ಹೋಗುತ್ತಿದ್ದರೋ! ನಗುವ ಮುಖದ ಮುಂದೆ ನಿಂತು ಅವಳಿಗೆ ಕೈ ಮುಗಿಯುವುದೋ ಬೇಡವೋ ತೋಚದೆ ಸುಮ್ಮನೆ ನಿಂತಿದ್ದೆ. ಆಮೇಲೆ ಎಣ್ಣೆಯ ಕೈಯನ್ನು ಒರೆಸಿಕೊಳ್ಳದೆ ಮನೆಗೆ ನಡೆದೆ.

ಸಂಜೆ ದೀಪ ಹಚ್ಚಿದ ಮೇಲೆ ಗಂಡ ಕಟ್ಟೆಯ ಮೇಲೆ ಊಟಕ್ಕೆ ಕೂತರು. ಎಂದಿನಂತೆ ನಾನು ಬಡಿಸಲು ನಿಂತೆ.

"ನಾಳೆ ಆ ತುಂಗಕ್ಕನ್ನ ಲಗೂನ ಕರಸು" ಎಂದರು, ತಾಟಿನಿಂದ ಕಣ್ಣೆತ್ತದೆ. "ನಾಲ್ಕು ಮಂದಿ ಮುಂದ ಕೆರಿದು ಇನ್ನೊಮ್ಮೆ ಹೇಳಲಿ. ಸಣ್ಣಾಕಿ ಒಳಗ ಇರಲಿ. ಊರಾಗ ಸುದ್ದಿ ಹಬ್ಬಿದ್ರ ಅಂಗಡಿ ಗತಿ ಏನು? ಸಾರು ಹಾಕು."

ನಾನು ಸೌಟು ಹಿಡಿದು ನಿಂತೇ ಇದ್ದೆ. ಅವರು ಉಣ್ಣುತ್ತಿದ್ದರು. ಕಟ್ಟೆ ಅದೇ, ಅಂಗಳ ಅದೇ, ಅಲ್ಲಿ ಹಗೇವಿನ ಕಲ್ಲು. ಪಕ್ಕೆಲುಬಿನ ಕೆಳಗಿನದು ಹೊರಳಿತು. ಈ ಸಲ ಪಿತ್ತವೆಂದು ನಾನು ನಂಬಲಿಲ್ಲ.

"ಸಾರು" ಎಂದರು ಮತ್ತೆ.

"ನೀವ ಹಾಕ್ಕೊಳ್ರಿ."

ಅವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಏನಂದಿ?"

"ಆವತ್ತು ನೀವು ನನ್ನ ಕೇಳಲಿಲ್ಲ. ನನ್ನ ಕನಸನ್ನ ಕೇಳಿದ್ರಿ. ಅದು ನಂದಲ್ಲ. ಈಗ ನನ್ನ ಕೇಳ್ರಿ."

"ಹುಚ್ಚು ಹಿಡದೈತೇನು? ಆಗಿ ಹೋದದ್ದು ಈಗೇನು ಕೇಳೂದು?"

"ಕೇಳ್ರಿ ಅಂದೆ!"

ಅದು ನನ್ನ ದನಿಯೇ ಎಂದು ನನಗೇ ಗುರುತು ಹತ್ತಲಿಲ್ಲ. ಓಣಿಯ ನಾಯಿಗಳು ಬೊಗಳತೊಡಗಿದವು. ಮುಂದೆ ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಬಂಜೆ ಎಂದು ಅತ್ತೆ ಆಡಿದ್ದು, ಆರತಿಯ ತಟ್ಟೆ, ಕಸ್ತೂರಿಯ ಮೊದಲ ಮಗು ಹುಟ್ಟಿದ ದಿನ ನಾನು ಹಿತ್ತಲಲ್ಲಿ ಒಬ್ಬಳೇ ಕೂತದ್ದು, ಎಲ್ಲವೂ ಬಂದವು. ಜನ ಬಾಗಿಲಿಗೆ ಬಂದು ನಿಂತಿದ್ದರು. ತಂಪವ್ವನ ಬಾಯಿಂದ ಬೆಂಕಿ ಬೀಳುವುದನ್ನು ಕಂಡು ಮುದುಕಿಯರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನನ್ನ ಗಂಡ ಎಂಜಲು ಕೈಯಲ್ಲೇ ಎದ್ದು ಅಂಗಡಿಗೆ ಹೋದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಗಿರಿಮಲ್ಲಪ್ಪನವರು ಹೆದರಬಲ್ಲರು ಎಂಬುದೂ ನನಗೆ ಅಂದೇ ತಿಳಿದದ್ದು.

ಮದುಮಕ್ಕಳು ಬರುವುದು ನಿಂತಿತು. ಜಗಳಗಳು ಬೇರೆ ಕಟ್ಟೆ ಹುಡುಕಿಕೊಂಡವು. ಅಂಗಡಿಯಲ್ಲಿ ಗಿರಾಕಿಗಳು ತಕ್ಕಡಿಯ ಮುಳ್ಳು ನೋಡತೊಡಗಿದರು. ಗಂಡ ಅಂಗಡಿಯಲ್ಲೇ ಮಲಗುತ್ತಾರೆ, ಊಟಕ್ಕೆ ಬಂದರೆ ತಾವೇ ಬಡಿಸಿಕೊಳ್ಳುತ್ತಾರೆ. ನನಗೆ ಹಗುರಾಯಿತೇ ಎಂದರೆ ಇಲ್ಲ. ಕಾಲು ಜೋಮು ಬಿಡುವಾಗ ಸೂಜಿ ಚುಚ್ಚಿದಂತಾಗುತ್ತದಲ್ಲ, ಮೈಯೆಲ್ಲ ಹಾಗೆ. ಆದರೆ ಬೆಳಗಾದರೆ ಕಸ್ತೂರಿ ಬಂದು ಎದುರು ಕೂರುತ್ತಾಳೆ. ಕೂಡಿಸುವುದಿಲ್ಲ, ಬಿಡುವುದಿಲ್ಲ. ಎಷ್ಟೋ ದಿನ ಅದೇ ಹಗೇವು, ಅದೇ ಕೈ. ಒಂದು ಬೆಳಿಗ್ಗೆ ಅವಳು ಕೂರುವ ಮೊದಲೇ ಹೇಳಿದಳು:

"ಅಕ್ಕಾರ, ಇವತ್ತು ನೀವು ಕಲ್ಲು ಮುಚ್ಚಲಿಲ್ರಿ. ಒಳಗ ಇಣುಕಿ ನೋಡಿದ್ರಿ. ಆಕಿ ನಿಮ್ಮನ್ನ ನೋಡಿದ್ಲು. ಯಾಕ ತಡಾ ಆತು ಅಂದ್ಲು."

"ನಾ ಏನಂದೆ?"

"ಏನೂ ಅನ್ನಲಿಲ್ರಿ. ಬೊಗಸಿಲೆ ಜ್ವಾಳ ತೋಡಾಕ ಹತ್ತಿದ್ರಿ."

ಅವಳಿಗೆ ಬೆಲ್ಲ, ನೀರು ಕೊಟ್ಟೆ. ಅವಳ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು. ಅದು ನನ್ನದನ್ನು ಕಂಡು ಇನ್ನೂ ಹೆದರುತ್ತಿದ್ದುದರಿಂದ ಹಿಡಿಯಲಿಲ್ಲ.

ಅದೇ ದಿನ ಅವಳೇ ಹೇಳಿದಳು, ತುಂಗಕ್ಕ ಮನೆಯಿಂದ ಹೊರಗೆ ಬರುತ್ತಿಲ್ಲವಂತೆ, ಗುಡಿಗೆ ಬತ್ತಿಯೂ ಹೋಗಿಲ್ಲವಂತೆ. ಸಾಯಲಿ ಎನ್ನಿಸಿತು. ನಿಜವಾಗಿ ಹಾಗೇ ಅನ್ನಿಸಿತು. ಇಂಥದ್ದನ್ನು ಈಗ ನಾನು ಮುಚ್ಚುವುದಿಲ್ಲ. ಆದರೆ ಕೆಲಸದ ನಡುವೆ ಇನ್ನೊಂದು ಯೋಚನೆ ಬಂದು ಸುಟ್ಟಿತು. ನನ್ನ ನರಕವನ್ನು ಆ ಮುದುಕಿ ಇಷ್ಟು ವರ್ಷ ಒಬ್ಬಳೇ ಕಂಡಿದ್ದಳು. ಅವಳ ಕೆರೆಯ ನೀರು ಕುಡಿದು ಊರಿಗೆಲ್ಲ ನಾನು ತಂಪವ್ವನಾಗಿದ್ದೆ. ಆ ಕೆರೆ ಇನ್ನೂ ನನ್ನ ಹತ್ತಿರವೇ ಇತ್ತು.

ಮರುದಿನ ಬೆಳಿಗ್ಗೆ ಚಹಾ ಕೂಡ ಮುಟ್ಟದೆ, ಬಾಯಿ ಬಿಗಿಹಿಡಿದು ಪಕ್ಕದ ಮನೆಗೆ ಹೋದೆ. ಬಾಗಿಲು ಓರೆಯಾಗಿತ್ತು. ತುಂಗಕ್ಕ ಗೋಡೆಗೆ ಒರಗಿ ಕೂತಿದ್ದಳು. ನಾನು ಒದ್ದ ಹತ್ತಿ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ನಾನು ಹೊಸ್ತಿಲ ಹೊರಗೇ ಕೂತೆ, ಕನಸು ತಂದವರು ಕೂರುವ ಜಾಗದಲ್ಲಿ.

"ನಿನ್ನ ಕನಸು ತಂದೀನಿ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಹಿಂದೆ ಯಾರಾದರೂ ಬಂದಿದ್ದಾರೇನೋ ಎಂಬಂತೆ ನನ್ನ ಭುಜದಾಚೆ ನೋಡಿದಳು.

"ಒಂದು ಕೆರಿ ಇತ್ತು. ತುಂಬ ತಾವರಿ. ಮೆಟ್ಟಲಮ್ಯಾಗ ದೀಪ ಇತ್ತು. ಬಗ್ಗಿ ಕೈ ನೋಡಿದ್ರ ಬೂದಿ ಹತ್ತಿದ ಬೆರಳು. ನಿನ್ನ ಕೈ ತುಂಗಕ್ಕ. ದೀಪ ಹಚ್ಚಿದಾಕಿ ನೀನ."

ಅವಳು ಬಾಯಿ ತೆರೆದು ಕೇಳುತ್ತಿದ್ದಳು, ಅದನ್ನು ಕಟ್ಟಿದವಳು ತಾನಲ್ಲವೇ ಅಲ್ಲ ಎಂಬ ಹಾಗೆ. ಆಕಳಿನ ಗಂಟೆಯ ಸಪ್ಪಳ ಬಂದಾಗ ಅವಳ ಕಣ್ಣಿಂದ ನೀರಿಳಿಯಿತು. ನಾನು ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಗೋಡೆ ಹಿಡಿದು ಎದ್ದು, ಡಬ್ಬಿಗಳನ್ನು ತಡಕಾಡಿದಳು. ಆ ಮನೆಯಲ್ಲಿ ಕನಸು ತಂದವರಿಗೆ ಬೆಲ್ಲ ಕೊಡುವ ಪ್ರಸಂಗವೇ ಬಂದಿರಲಿಲ್ಲ. ಕೊನೆಗೆ ಅಂಗೈಯಲ್ಲಿ ಒಂದಿಷ್ಟು ಸಕ್ಕರೆ ತಂದು ನನ್ನ ಕೈಗೆ ಸುರಿದಳು. ಹೊಸ್ತಿಲ ಆಚೆ ಈಚೆ ಇಬ್ಬರೂ ಕೂತೆವು.

"ನಿನ್ನ ಸಿಟ್ಟು ಹೋತೇನು ಬಂಗಾರೀ?" ಎಂದು ಕೇಳಿದಳು.

"ಇಲ್ಲ."

ತುಂಗಕ್ಕ ಅಂಗೈಗೆ ಅಂಟಿದ್ದ ಸಕ್ಕರೆ ನೆಕ್ಕಿದಳು.

"ಹಂಗಾದ್ರ ನಾಳೆನೂ ಬಾ" ಎಂದಳು.